ನಲವತ್ತೊಂದನೆಯ ಗದ್ದೆ

ಬಲಗಡೆಯ ಜಡೆ ಮುಗಿದಿತ್ತು. ಎಡಗಡೆಯ ಕೂದಲನ್ನು ಮೂರು ಎಳೆ ಮಾಡಿ ಎರಡು ಸುತ್ತು ಹೆಣೆಯುವಷ್ಟರಲ್ಲಿ ಯಾರೋ ಬಾಗಿಲು ಬಡಿದರು.

ನೀಲಾಂಬಿಕಳ ಬೆರಳುಗಳು ಅಲ್ಲೇ ನಿಂತವು.

ಅವಳ ಮಂಡಿಗಳ ನಡುವೆ ಕೂತಿದ್ದ ಧನ್ಯಾ ಬಾಯಲ್ಲಿ ಕಚ್ಚಿಕೊಂಡಿದ್ದ ರಿಬ್ಬನ್ ಬಿಟ್ಟು ತಲೆ ಎತ್ತಿದಳು. ಬಡಿತವನ್ನು ತುಟಿಯಲ್ಲೇ ಎಣಿಸಿದಳು. ಟಕ್ ಟಕ್ ಟಕ್. ಒಂದೇ ಸಮನೆ ಮೂರು. ಒಂಬತ್ತು ವರ್ಷದ ಹುಡುಗಿಯ ಭುಜಗಳು ಸಣ್ಣಗೆ ಇಳಿದವು. ಬಿದ್ದ ರಿಬ್ಬನ್ನನ್ನು ಎತ್ತಿ ಮತ್ತೆ ಕಚ್ಚಿಕೊಂಡಳು.

ಇಬ್ಬರೂ ಏಳಲಿಲ್ಲ.

ಶಿಕಾರಿಪುರದ ಈ ಬಾಡಿಗೆ ಮನೆಯಲ್ಲಿ ಬಾಗಿಲು ಬಡಿದ ಕೂಡಲೇ ಓಡಿ ಹೋಗಿ ತೆರೆಯುವ ಅಭ್ಯಾಸ ಡಿಸೆಂಬರಿನಲ್ಲೇ ತಪ್ಪಿಹೋಗಿತ್ತು. ಆ ತಿಂಗಳ ಒಂದು ವಾರವಿಡೀ ಜನ ಬಂದು ಬಡಿದಿದ್ದರು. ‘ಸುಳ್ಳು ತೂಕ ಬರೆದೋನ ಮನೆ ಇದೇ ಏನ್ರೀ?’ ಎಂದು ಬೀದಿಯಲ್ಲಿ ನಿಂತು ಕೂಗಿದವರಿದ್ದರು. ಕೂಗದೆ ಬರೀ ಬಡಿದು ಹೋದವರೂ ಇದ್ದರು. ಆಗ ಧನ್ಯಾಳಿಗೆ ಜ್ವರ. ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಅದು ಕೆಮ್ಮದಂತೆ ಬಾಯಿಗೆ ಕೈ ಅಡ್ಡ ಇಟ್ಟು, ಬಂದವರು ಹೋಗುವ ತನಕ ನೀಲಾಂಬಿಕ ಅಡುಗೆಮನೆಯ ಮೂಲೆಯಲ್ಲಿ ಕೂತಿರುತ್ತಿದ್ದಳು. ಅಂದಿನಿಂದ, ಹೆಸರು ಹೇಳಿದವರಿಗೆ ಮಾತ್ರ ಬಾಗಿಲು.

“ಅಕ್ಕಾ, ನಾನು. ದೀಪಶ್ರೀ. ಸೊರಬದಿಂದ.”

ನೀಲಾಂಬಿಕ ಚಿಲಕ ತೆಗೆದಳು.

ಸೊರಬದ ವರದಾ ತಳಿ ಪರೀಕ್ಷಾ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹುಡುಗಿ ದೀಪಶ್ರೀ. ನೀಲಾಂಬಿಕಳ ಗಂಡ ಚನ್ನೇಶ್ ಅಲ್ಲಿ ಗದ್ದೆ ತನಿಖಾಧಿಕಾರಿಯಾಗಿದ್ದ. ಅವನು ಗದ್ದೆಗೇ ಹೋಗದೆ ಇಳುವರಿಯ ತೂಕ ಬರೆದು, ಸಿಕ್ಕಿಬಿದ್ದು, ಡಿಸೆಂಬರ್ ಮೂರರಂದು ಎರಡು ಸಾಲಿನ ರಾಜೀನಾಮೆ ಟೈಪ್ ಮಾಡಿಟ್ಟು ಓಡಿಹೋದನೆಂದು ಕೇಂದ್ರದವರು ಹೇಳಿ ಇವತ್ತಿಗೆ ನೂರ ನಾಲ್ಕು ದಿನ.

“ಮೊದಲ ಬಸ್ಸಿಗೇ ಬಂದೆ ಅಕ್ಕಾ. ಹತ್ತು ಗಂಟೆಗೆ ನಾನು ಅಲ್ಲಿ ಕುರ್ಚೀಲಿ ಇರಬೇಕು. ಕಾಫಿ ಗೀಫಿ ಏನೂ ಬ್ಯಾಡ.”

ಅವಳು ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದಳು. ಚಿತ್ರಾನ್ನದ ಮೇಲೆ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಕರವಸ್ತ್ರ, ಕರವಸ್ತ್ರದೊಳಗೆ ಒಂದು ಕಪ್ಪು ಫ್ಲಾಪಿ.

“ಜನವರೀಲಿ ಗುರುಪ್ರಕಾಶ್ ಸರ್ ಗದ್ದೆ ಪಟ್ಟಿ ಅಳಿಸು ಅಂದ್ರು. ಅಳಿಸೋ ತನಕ ಪಕ್ಕದಲ್ಲೇ ನಿಂತಿದ್ರು. ಅಳಿಸಿದೆ. ಹಾಳೆಗಳನ್ನೆಲ್ಲ ಅವರೇ ತಗಂಡು ಹೋದ್ರು.”

“ಹಂಗಾದ್ರೆ ಇದೇನು?”

“ಇದು ಪಟ್ಟಿ ಅಲ್ಲ. ಪಟ್ಟಿ ಮೇಲೆ ಲೆಕ್ಕ ಮಾಡಿದಾಗ ಬಂದಿದ್ದು. ಅದೇ ಫೋಲ್ಡರಲ್ಲಿ ಬಿದ್ದಿತ್ತು. ‘ಫಲ’ ಅಂತ ಹೆಸರು. ಸರ್ ಅದನ್ನ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಪಟ್ಟಿ ಹೋದ್ರೆ ಎಲ್ಲಾ ಹೋದಂಗೆ ಅಂತ ಅವರು ಅಂದ್ಕಂಡ್ರು.”

“ತೆಗೆದು ನೋಡಿದ್ಯಾ?”

“ನೋಡ್ದೆ. ಏಳೆಂಟು ಸಾಲು ಬರುತ್ತೆ, ಅಷ್ಟೇ. ಆದ್ರೆ ಒಂದು ತಲೆಗೆ ಹೋಗ್ಲಿಲ್ಲ. ಏಳೆಂಟು ಸಾಲಿಗೆ ಅಷ್ಟೊಂದು ಜಾಗ ಯಾಕೆ ಬೇಕು ಅಕ್ಕಾ? ಅದರ ಹತ್ತರಷ್ಟು ಬರೆದ ಕಾಗದ ಇದಕ್ಕಿಂತ ಕಡಿಮೆ ಜಾಗ ತಗಳುತ್ತೆ.”

ನೀಲಾಂಬಿಕ ಫ್ಲಾಪಿಯನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಅದರಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

“ಯಾರು ಮಾಡಿದ್ದು ಇದನ್ನ?”

“ನಾನಂತೂ ಅಲ್ಲ. ಡಿಸೆಂಬರ್ ಎಂಟಕ್ಕೆ ನಾನು ತಂಗಿ ಮದ್ವೆಗೆ ಹೋದಾಗ ಅದು ಇರಲಿಲ್ಲ. ಹದಿನೈದಕ್ಕೆ ಬಂದೆ. ಅಷ್ಟೂ ದಿನ ಕೀಲಿ ಸರ್ ಹತ್ರಾನೇ ಇದ್ದಿದ್ದು.” ದೀಪಶ್ರೀ ಡಬ್ಬಿ ಮುಚ್ಚಿ ಎದ್ದಳು. ಧನ್ಯಾಳ ಬಿಚ್ಚಿದ ಎಡಗೂದಲನ್ನು ಮುಟ್ಟಿ, “ಅಯ್ಯೋ, ನನ್ನಿಂದ ಅರ್ಧ ಜಡೆ ಆಗೋಯ್ತಲ್ಲೇ ಪುಟ್ಟಿ” ಎಂದಳು.

ಧನ್ಯಾ ನಕ್ಕಳು.

ದೀಪಶ್ರೀ ಬಸ್ ನಿಲ್ದಾಣದ ಕಡೆ ಓಡಿದಳು. ನೀಲಾಂಬಿಕ ಒಲೆಯ ಮೇಲಿದ್ದ ಹಾಲನ್ನು ಇಳಿಸಿ, ಬುತ್ತಿಗೆ ಎರಡು ರೊಟ್ಟಿ ಸುತ್ತಿದಳು.

“ಶಾಲೆಗೆ ಹೊತ್ತಾತಲ್ಲಮ್ಮ.”

“ಇವತ್ತು ಬ್ಯಾಡ. ನನ್ನ ಜೊತೆ ಬಾ.”

ಮಗಳು ಯಾಕೆಂದು ಕೇಳಲಿಲ್ಲ. ಅದೇ ನೀಲಾಂಬಿಕಳನ್ನು ಸುಡುತ್ತಿದ್ದುದು. ನೂರ ನಾಲ್ಕು ದಿನಗಳಲ್ಲಿ ಧನ್ಯಾ ಅಪ್ಪನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಮೊದಲ ವಾರಗಳಲ್ಲಿ ನೀಲಾಂಬಿಕ ಉತ್ತರಗಳನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದಳು. ಕೇಳುವವರಿಲ್ಲದೆ ಅವು ಕಾಯಿಸಿಟ್ಟ ಹಾಲಿನ ಹಾಗೆ ಆರಿ ಕೆನೆಗಟ್ಟಿದ್ದವು.

*

ನೀಲಾಂಬಿಕ ಸಂಖ್ಯಾಶಾಸ್ತ್ರ ಕಲಿಸುವ ಕಾಲೇಜಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಅಟೆಂಡರ್ ಉಜ್ಜಪ್ಪ ಕಂಪ್ಯೂಟರ್ ಕೋಣೆಯ ಬೀಗ ತೆಗೆದ.

“ಚಪ್ಪಲಿ ಹೊರಗ ಬಿಡವ್ವಾ ಮರಿ. ಇದು ಗುಡಿಗಿಂತ ಮಡಿ. ಗುಡ್ಯಾಗಾರ ಸ್ವಾಮಿಗೆ ಫ್ಯಾನಿಲ್ಲ. ಈ ಡಬ್ಬಕ್ಕ ಎರಡು ಫ್ಯಾನು, ಮ್ಯಾಲೊಂದು ಬೆಡ್‌ಶೀಟು.”

ಅವನು ಹೊದಿಕೆ ತೆಗೆದು, ಮಡಚಿ, ಹೊರಗೆ ಹೋದ.

ಇಲ್ಲಿರುವ ಲೆಕ್ಕದ ಪ್ರೋಗ್ರಾಮನ್ನು ಹಾಕಿಕೊಟ್ಟವನೂ ಚನ್ನೇಶನೇ. ಅದನ್ನು ಇಬ್ಬರೂ ಕಲಿತದ್ದು ಧಾರವಾಡದಲ್ಲಿ, ಓದುವ ಕಾಲದಲ್ಲಿ, ಒಂದೇ ಯಂತ್ರಕ್ಕೆ ಇಬ್ಬರೂ ಸರದಿ ಹಚ್ಚಿ. ಈಗ ಪಕ್ಕದ ಸ್ಟೂಲಿನ ಮೇಲೆ ಧನ್ಯಾ ಕಾಲು ಮಡಚಿ ಕೂತಿದ್ದಳು.

ನೀಲಾಂಬಿಕ ಫ್ಲಾಪಿ ಹಾಕಿದಳು. ಅದು ಗರಗರ ಎಂದಿತು. ‘ಫಲ’ ಎಂದು ಟೈಪ್ ಮಾಡಿ ಗುಂಡಿ ಒತ್ತಿದಳು.

ಏಳೆಂಟು ಸಾಲು. ದೀಪಶ್ರೀ ಹೇಳಿದಷ್ಟೇ.

ಹಳೆಯ ತಳಿಯ ಸರಾಸರಿ ಇಳುವರಿ ಹನ್ನೊಂದು ಕಿಲೋ. ಹೊಸ ತಳಿಗೆ ಅದಕ್ಕಿಂತ ಮುನ್ನೂರೈವತ್ತು ಗ್ರಾಂ ಹೆಚ್ಚು. ಕೊನೆಯ ಸಾಲಿನಲ್ಲಿ, ಒಟ್ಟು 41.

ಅವಳು ಚೀಲದಿಂದ ಕೇಂದ್ರದ ಅಚ್ಚಾದ ವರದಿ ತೆಗೆದಳು. ಮೂಲೆಗಳು ಮಡಚಿ ಮೆತ್ತಗಾಗಿದ್ದ ಆ ಪುಸ್ತಿಕೆ ಅವಳಿಗೆ ಬಾಯಿಪಾಠವಾಗಿತ್ತು. ಆದರೂ ಬೆರಳಿಟ್ಟು ನೋಡಿದಳು. ಹೊಸ ತಳಿಗೆ ಎಂಟುನೂರು ಗ್ರಾಂ ಹೆಚ್ಚು. ಗದ್ದೆಗಳು 40.

ಒಂದು ಗದ್ದೆ ಹೆಚ್ಚಿಗೆ ಇದೆ. ಆ ಒಂದು ಗದ್ದೆ ಸೇರಿದರೆ ಹೊಸ ತಳಿಯ ಹೆಚ್ಚುಗಾರಿಕೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಯಾವ ಗದ್ದೆ?

“ಇಷ್ಟೇನಾ ಅಮ್ಮ ಇದರಾಗೆ ಇರೋದು?” ಧನ್ಯಾ ತೆರೆಯ ಹತ್ತಿರ ಮುಖ ತಂದಳು.

“ಅಲ್ಲ. ಇದು ನಮ್ಮ ಮುಂದೆ ಇಟ್ಟಿರೋದು ಮಾತ್ರ. ಉಳಿದಿದ್ದು ಒಳಗೆ ಐತೆ. ಸಾಂಬಾರ್ ಡಬ್ಬಿಯಾಗೆ ಸಣ್ಣ ಸಣ್ಣ ಬಟ್ಲು ಇರಲ್ವಾ, ಹಂಗೆ. ಒಂದೊಂದಕ್ಕೂ ಒಂದೊಂದು ಹೆಸರು.”

“ಎಲ್ಲಾನೂ ಯಾಕೆ ತೋರಿಸಲ್ಲ?”

“ಹೆಸರು ಹಿಡಿದು ಕೇಳಿದ್ರೆ ಮಾತ್ರ ತೋರಿಸುತ್ತೆ.”

“ಕೇಳ್ಲಿಲ್ಲ ಅಂದ್ರೆ?”

“ಹೇಳಲ್ಲ.”

“ಗೊತ್ತಿದ್ರೂ?”

“ಗೊತ್ತಿದ್ರೂ ಹೇಳಲ್ಲ.”

ಧನ್ಯಾ ಸ್ವಲ್ಪ ಹೊತ್ತು ತೆರೆಯನ್ನೇ ನೋಡಿದಳು. ಆಮೇಲೆ ತನ್ನ ಬಿಚ್ಚಿದ ಕೂದಲನ್ನು ಬೆರಳಿಗೆ ಸುತ್ತತೊಡಗಿದಳು.

ನೀಲಾಂಬಿಕ ಮೊದಲು ಬಟ್ಟಲುಗಳ ಹೆಸರು ಕೇಳಿದಳು. ಪ್ರೋಗ್ರಾಂ ಸಾಲಾಗಿ ಹೆಸರುಗಳನ್ನು ಉದುರಿಸಿತು. ಅವುಗಳಲ್ಲಿ ಎರಡು ಅವಳಿಗೆ ಬೇಕಿದ್ದವು. ಪ್ರತಿ ಗದ್ದೆಗೆ ಲೆಕ್ಕ ಕಟ್ಟಿದ ಅಂದಾಜು ಒಂದು. ಆ ಅಂದಾಜಿಗೂ ನಿಜವಾಗಿ ತೂಗಿದ್ದಕ್ಕೂ ನಡುವೆ ಉಳಿದ ಅಂತರ ಇನ್ನೊಂದು.

‘ಫಲ’ ಎಂದು ಬರೆದು, ಪಕ್ಕಕ್ಕೆ ಡಾಲರ್ ಚಿಹ್ನೆ ಒತ್ತಿದಳು.

“ಅದು ಅಮೆರಿಕದ ದುಡ್ಡಿನ ಗುರುತಲ್ವಾ?”

“ಹೊರಗೆ ಹೌದು. ಇಲ್ಲಿ ಅದು ಚಿಲಕ. ಈ ಕಡೆ ಡಬ್ಬಿ ಹೆಸರು, ಆ ಕಡೆ ಬಟ್ಲು ಹೆಸರು, ನಡುವೆ ಚಿಲಕ.”

ಚಿಲಕ ತೆರೆಯಿತು.

ಅಂತರಗಳ ಪಟ್ಟಿ ತೆರೆಯ ಮೇಲಿನಿಂದ ಕೆಳಗಿನವರೆಗೆ ತುಂಬಿಕೊಂಡಿತು. ಬರೀ ಅಂಕಿಗಳಲ್ಲ, ಪ್ರತಿ ಅಂಕಿಯ ಜೊತೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು, ಒಂದು ಊರು, ಒಂದು ತಾರೀಖು. ಎಲ್ಲರೂ ಗದ್ದೆಗಳಿಗೆ ಒಂದು, ಎರಡು ಎಂದು ನಂಬರು ಕೊಟ್ಟರೆ ಚನ್ನೇಶ್ ಹಾಗೆ ಕೊಡುತ್ತಿರಲಿಲ್ಲ. ‘ಅನ್ನ ಹಾಕಿದ ಮನೆಯವರನ್ನ ಹದಿನೇಳು ಅಂತ ಕರೀಲಾ?’ ಎನ್ನುತ್ತಿದ್ದ. ಅಳಿಸಿದ ಪಟ್ಟಿಯ ಜೊತೆ ಆ ಹೆಸರುಗಳೂ ಹೋದವೆಂದು ಎಲ್ಲರೂ ತಿಳಿದಿದ್ದರು. ಅವು ಲೆಕ್ಕದ ಒಳಗೆ ಅಂಟಿಕೊಂಡು ಬಂದಿದ್ದವು.

ಅವಳು ವರದಿಯ ಕೊನೆಯ ಪುಟದ ಹಳ್ಳಿಗಳ ಪಟ್ಟಿ ತೆರೆದಳು. “ನೀನು ಓದು. ನಾನು ಗುರುತು ಹಾಕ್ತೀನಿ.”

“ವೀರಬಸಪ್ಪ, ತಾಳಗುಂದ. ಇಪ್ಪತ್ತೊಂದು ಹನ್ನೊಂದು.”

“ಹ್ಞೂಂ.”

“ಬಸವಣ್ಣೆಮ್ಮ, ತಾಳಗುಂದ. ಅದೇ ದಿನ.”

“ಹ್ಞೂಂ. ಮುಂದೆ.”

ನಲವತ್ತು ಹೆಸರು, ನಲವತ್ತು ಗುರುತು. ಎಲ್ಲವೂ ನವೆಂಬರಿನವು. ಎರಡು ಮಾತ್ರ ಡಿಸೆಂಬರ್ ಒಂದನೇ ತಾರೀಖು.

“ಹುಚ್ಚರಾಯಪ್ಪ, ಗುಡವಿ.” ಧನ್ಯಾ ನಿಂತಳು. “ಒಂಬತ್ತು ಹನ್ನೆರಡು.”

ಪೆನ್ಸಿಲ್ ಹಾಕಲು ಜಾಗವಿರಲಿಲ್ಲ. ವರದಿಯಲ್ಲಿ ಗುಡವಿ ಎಂಬ ಊರೇ ಇರಲಿಲ್ಲ.

ಡಿಸೆಂಬರ್ ಒಂಬತ್ತು. ಮೂರಕ್ಕೆ ಓಡಿಹೋದವನು ಒಂಬತ್ತಕ್ಕೆ ಗುಡವಿಯಲ್ಲಿ ಗದ್ದೆ ಅಳೆದಿದ್ದ.

ಅವಳು ಎರಡನೆಯ ಬಟ್ಟಲು ತೆರೆದಳು. ಹುಚ್ಚರಾಯಪ್ಪನ ಗದ್ದೆಗೆ ಅಂದಾಜು 11.35. ಅಂತರ, ಕೆಳಮುಖವಾಗಿ 8.95. ಅಂದಾಜಿನಿಂದ ಅದನ್ನು ಕಳೆದರೆ ಅಳಿಸಿಹೋದ ತೂಕ ತಾನಾಗಿ ಮರಳಿ ಬರುತ್ತದೆ. ವರದಿಯ ಅಂಚಿನಲ್ಲಿ ಬರೆದಳು: 2.40.

ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡು ಕೊಯ್ದು ಬಡಿದರೆ ಎಲ್ಲ ಕಡೆ ಹತ್ತು ಹನ್ನೆರಡು ಕಿಲೋ ಭತ್ತ. ಇಲ್ಲಿ ಎರಡು ಕಿಲೋ ನಾನೂರು ಗ್ರಾಂ. ತೆನೆಯಲ್ಲಿ ಕಾಳು ಕಟ್ಟದೆ ಬರೀ ಜೊಳ್ಳಾದ ಗದ್ದೆ. ಕೂತಲ್ಲೇ ತೂಕ ಬರೆಯುವವನು ಯಾರೂ ಇಂಥ ಅಂಕಿ ಬರೆಯುವುದಿಲ್ಲ. ಎಲ್ಲರ ಹಾಗೆ ಹನ್ನೊಂದೂ ಚಿಲ್ಲರೆ ಬರೆದು ಕೈ ತೊಳೆದುಕೊಳ್ಳುತ್ತಾನೆ.

ಕೊನೆಗೆ ಅವಳು ಪ್ರೋಗ್ರಾಂ ಮುಚ್ಚಿ, ಫ್ಲಾಪಿಯಲ್ಲಿದ್ದ ಕಡತದ ಮೇಲಿನ ತಾರೀಖು ನೋಡಿದಳು. 10-12-1996.

ಹತ್ತನೇ ತಾರೀಖು. ದೀಪಶ್ರೀ ತಂಗಿಯ ಮದುವೆಯಲ್ಲಿದ್ದಾಗ.

ತೆರೆಯ ಮೇಲೆ ಬೆರಳಿಟ್ಟು ಧನ್ಯಾ ಆ ತಾರೀಖನ್ನು ಮತ್ತೊಮ್ಮೆ ಮೆಲ್ಲಗೆ ಓದಿಕೊಂಡಳು. ಅವಳ ಮುಖ ಬಿಳಿಚಿತ್ತು. ರಾತ್ರಿ ಸರಿಯಾಗಿ ಉಂಡಿರಲಿಲ್ಲವಲ್ಲ ಎಂದು ನೀಲಾಂಬಿಕ ಬುತ್ತಿಯ ಒಂದು ರೊಟ್ಟಿ ಬಿಚ್ಚಿ ಕೈಗೆ ಕೊಟ್ಟಳು.

*

ಸೊರಬದ ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ಧನ್ಯಾ ಕಿಟಕಿಯ ಪಕ್ಕ ಕೂತಳು, ನೀಲಾಂಬಿಕ ಅಂಚಿಗೆ. ನಡುವಿನ ಜಾಗದಲ್ಲಿ ಚೀಲ ಇಟ್ಟರು. ಶಿರಾಳಕೊಪ್ಪದಲ್ಲಿ ಒಬ್ಬರು ಬಂದು, “ಯಾರಾರ ಬರೋರು ಅದಾರೇನ್ರಿ?” ಎಂದು ಆ ಜಾಗ ತೋರಿಸಿ ಕೇಳಿದರು.

“ಇಲ್ರಿ, ಕೂಡ್ರಿ” ಎಂದು ಹೇಳಿ ಚೀಲ ತೊಡೆಯ ಮೇಲೆ ಎಳೆದುಕೊಳ್ಳುವುದು ನೀಲಾಂಬಿಕಳಿಗೆ ಕಷ್ಟವಾಯಿತು.

ಕೊಯ್ಲಿನ ದಿನಗಳಲ್ಲಿ ಚನ್ನೇಶ್ ಹದಿನೈದು ಇಪ್ಪತ್ತು ದಿನ ಮನೆಗೆ ಬಾರದಿರುವುದು ಪ್ರತಿ ವರ್ಷದ ರೂಢಿ. ಹಳ್ಳಿಯವರ ಪಡಸಾಲೆಯಲ್ಲೋ ಕಣದಲ್ಲೋ ಮಲಗುತ್ತಿದ್ದ. ಕಾಗದವಿಲ್ಲ, ಫೋನಿಲ್ಲ. ಭತ್ತ ಮುಗಿದ ದಿನ ಮೈತುಂಬ ಹುಲ್ಲಿನ ಚೂರು ಅಂಟಿಸಿಕೊಂಡು ಬಂದು ನಿಲ್ಲುತ್ತಿದ್ದ. ಹಾಗಾದರೆ ಒಂಬತ್ತನೇ ತಾರೀಖು ಗುಡವಿಯಲ್ಲಿದ್ದವನಿಗೆ, ತಾನು ಓಡಿಹೋದೆನೆಂದು ಶಿಕಾರಿಪುರದಲ್ಲಿ ಸುದ್ದಿಯಾಗಿರುವುದು ಗೊತ್ತೇ ಇರಲಿಲ್ಲವೇನೋ.

ಈ ಯೋಚನೆ ಬಂದ ಕೂಡಲೇ ಅವಳು ಕಿಟಕಿಯ ಕಡೆ ತಿರುಗಿದಳು. ಧನ್ಯಾ ಗಾಜಿಗೆ ಹಣೆ ಆನಿಸಿದ್ದಳು. ಬೆರಳ ಗಿಣ್ಣಿನಿಂದ ಕಿಟಕಿಯ ಸರಳನ್ನು ಬಡಿಯುತ್ತಿದ್ದಳು. ಎರಡು ಸಲ, ಸ್ವಲ್ಪ ತಡೆದು ಒಂದು ಸಲ. ಮತ್ತೆ ಎರಡು ಸಲ, ತಡೆದು ಒಂದು ಸಲ.

“ಸುಮ್ನಿರು ಪುಟ್ಟಿ. ಹಿಂದಿನೋರಿಗೆ ತೊಂದರೆ ಆಗುತ್ತೆ.”

ಧನ್ಯಾ ಕೈಯನ್ನು ಮಡಿಲಿಗೆ ತಂದುಕೊಂಡಳು.

*

ಕೇಂದ್ರ ಸೊರಬದ ಬಸ್ ನಿಲ್ದಾಣದ ಹಿಂದೆ, ಒಂದು ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲಿನ ಉದ್ದಕ್ಕೂ ಭತ್ತದ ಮಾದರಿ ಚೀಲಗಳು. ದೀಪಶ್ರೀ ಅವರನ್ನು ಕಂಡು ಎದ್ದು ನಿಂತವಳು, ಗುರುತೇ ಇಲ್ಲದವಳಂತೆ ಮತ್ತೆ ಕೂತು ಟೈಪ್ ಮಾಡತೊಡಗಿದಳು.

“ಓಹೋ, ಮೇಡಂ! ಬನ್ನಿ, ಬನ್ನಿ.” ಗುರುಪ್ರಕಾಶ್ ಕುರ್ಚಿಯಿಂದ ಎದ್ದ. ಕೇಂದ್ರದ ಮುಖ್ಯಸ್ಥ; ನಲವತ್ತು ದಾಟಿದ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಎಷ್ಟೋ ಭಾನುವಾರ ಅವಳ ಮನೆಯಲ್ಲಿ ಉಂಡವನು. “ಧನ್ಯಾ, ಎ, ಎಷ್ಟು ಉದ್ದ ಆಗಿದೀಯೇ! ಇದೇನೆ ಒಂದೇ ಜಡೆ? ಹೊಸ ಫ್ಯಾಷನ್ನಾ?”

“ಅಮ್ಮಂಗೆ ಟೈಮ್ ಆಗ್ಲಿಲ್ಲ ಗುರು ಮಾಮ.”

“ದೀಪಶ್ರೀ, ಮೂರು ಕಾಫಿ ಹೇಳಮ್ಮ.”

ದೀಪಶ್ರೀ ಮೆಟ್ಟಿಲು ಇಳಿದುಹೋಗುವ ತನಕ ನೀಲಾಂಬಿಕ ಕಾದಳು.

“ಗುಡವಿ ಗದ್ದೆ ವರದೀಲಿ ಯಾಕಿಲ್ಲ ಸರ್?”

ಗುರುಪ್ರಕಾಶನ ನಗು ತಕ್ಷಣ ಹೋಗಲಿಲ್ಲ. “ಯಾವ ಗುಡವಿ?”

“ಹುಚ್ಚರಾಯಪ್ಪನೋರ ಗದ್ದೆ. ಹೊಸ ತಳಿ.”

“ಓ, ಅದಾ. ಅದನ್ನ ಕೊಯ್ದೇ ಇಲ್ಲ ಮಾರಾಯ್ರೆ. ಪಟ್ಟೀಲಿ ಹೆಸರು ಹಾಕಿದ್ವಿ, ಅಷ್ಟ್ರಲ್ಲಿ ಚನ್ನೇಶ್ ಹೋದ. ಬೇರೆ ಯಾರನ್ನ ಕಳಿಸ್ಲಿ? ಕೈಬಿಟ್ವಿ.”

“ಒಂಬತ್ತು ಹನ್ನೆರಡು ಅಂತ ತಾರೀಖು ಐತೆ.”

“ಕೊಯ್ಯಬೇಕು ಅಂದ್ಕೊಂಡಿದ್ದ ತಾರೀಖು ಅದು. ಮುಂಚೇನೇ ಹಾಕಿಡ್ತಾನೆ ಅವನು. ನಿಮಗೆ ಗೊತ್ತಲ್ಲ ಅವನ ಶಿಸ್ತು.”

“ತೂಕ?”

“ತೂಕ ಎಲ್ಲಿಂದ ಬರುತ್ತೆ, ಕೊಯ್ಯದ ಮೇಲೆ?”

“ತೂಕ ಇಲ್ಲದ ಸಾಲನ್ನ ಲೆಕ್ಕ ಒಳಗೇ ಬಿಟ್ಟುಕೊಳ್ಳಲ್ಲ ಸರ್. ಲೆಕ್ಕದೊಳಗೆ ನಲವತ್ತೊಂದು ಸಾಲು ಅದಾವೆ. ಎಲ್ಲದಕ್ಕೂ ತೂಕ ಐತೆ.”

“ಯಾವ ಲೆಕ್ಕ? ಎಲ್ಲಿ?” ಅವನ ಕಣ್ಣು ಪಕ್ಕದ ಕೋಣೆಯ ಕಂಪ್ಯೂಟರಿನ ಕಡೆ ಹೋಗಿ ಬಂತು. ಆಮೇಲೆ ಅವನು ಮುಂದಕ್ಕೆ ಬಾಗಿ, ಮಗುವಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದ. “ನೋಡಿ, ನೀವು ಹೇಳೋದ್ರಿಂದ್ಲೇ ಗೊತ್ತಾಗುತ್ತಲ್ಲ. ಕೊಯ್ಯದ ಗದ್ದೆಗೆ ತೂಕ ಬರೆದಿದಾನೆ. ನಾವು ಹೇಳ್ತಿರೋದೂ ಅದೇ ಅಲ್ವಾ? ನನಗೂ ಬೇಜಾರಿದೆ. ಆದ್ರೆ ಏನು ಮಾಡೋದು.”

“ಸುಳ್ಳು ಬರೆಯೋರೇ ಆಗಿದ್ರೆ, ಅವರು ಬರೆದ ಉಳಿದ ನಲವತ್ತನ್ನ ನೀವು ಅಚ್ಚು ಹಾಕ್ಸಿದ್ದು ಹೆಂಗೆ?”

“ಅವನ್ನ ಪರಿಶೀಲಿಸಿದೀವಿ.”

“ಇದೊಂದನ್ನ ಮಾತ್ರ ತೆಗೆದ್ರಿ.”

“ತೆಗೀದೇ ಇನ್ನೇನ್ರೀ!” ಅವನ ಬೆರಳು ಮೇಜಿನ ಗಾಜಿನ ಮೇಲೆ ಕುಟ್ಟಿತು. “ಸೊರಬ ತಾಲ್ಲೂಕಿಗೇ ಹೋಗೋ ವರದಿ ಅದು. ಯಾವುದೋ ಒಂದು ಜೊಳ್ಳು ಗದ್ದೆ ಇಟ್ಕೊಂಡು ಒಳ್ಳೇ ತಳೀನ ಹಾಳು ಮಾಡೋಕಾಗುತ್ತಾ?”

ನೀಲಾಂಬಿಕ ತರಕಾರಿಯವನ ಹತ್ತಿರ ದರ ಕೇಳುವಷ್ಟೇ ಮೆತ್ತಗೆ ಕೇಳಿದಳು. “ಕೊಯ್ಯದ ಗದ್ದೆ ಜೊಳ್ಳು ಅಂತ ನಿಮಗೆ ಹೆಂಗೆ ಗೊತ್ತಾಯ್ತು ಸರ್?”

ಅವನ ಕೈ ಮೇಜಿನ ಗಾಜಿನ ಮೇಲಿಂದ ಹಿಂದೆ ಸರಿಯಿತು.

“ನಾನು ತೂಕ ಹೇಳ್ಲಿಲ್ಲ. ಎರಡು ಕಿಲೋ ನಾನೂರು. ಈಗ ಹೇಳ್ತಿದೀನಿ. ಆ ಲೆಕ್ಕ ನಿಮ್ಮ ಈ ಕಂಪ್ಯೂಟರಿನಾಗೆ ಆಗಿದ್ದು ಡಿಸೆಂಬರ್ ಹತ್ತು, ಮಂಗಳವಾರ. ಕಡತದ ಮೇಲೆ ತಾರೀಖು ಐತೆ. ಆ ವಾರ ಕೀಲಿ ಇದ್ದಿದ್ದು ನಿಮ್ಮ ಹತ್ರ. ಆವತ್ತು ಆ ಕುರ್ಚೀಲಿ ಯಾರು ಕೂತಿದ್ರು?”

ಗುರುಪ್ರಕಾಶ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದ. ಇಸ್ತ್ರಿ ಮುರಿಯಿತು.

“ಪಟ್ಟಿ ಅಳಿಸಿದ್ದೆ” ಎಂದ, ತನಗೇ ಹೇಳಿಕೊಂಡಂತೆ.

“ಪಟ್ಟಿ ಅಳಿಸಿದ್ರಿ. ಫಲ ಉಳೀತು.”

“ಅದರಲ್ಲಿ ಏನಿರುತ್ತೆ? ನಾಲ್ಕು ಸಾಲು. ನಾನೇ ನೋಡಿದೀನಿ, ಪ್ರಿಂಟು ತೆಗೆದಾಗ.”

“ಕೇಳಿದಷ್ಟೇ ತೋರಿಸುತ್ತೆ ಸರ್ ಅದು. ನೀವು ಕೇಳ್ಲಿಲ್ಲ. ಯಾರು ಕೂತಿದ್ರು?”

“ಅವನೇ.”

ನೀಲಾಂಬಿಕ ಕೈಚೀಲದ ಹಿಡಿ ಹಿಡಿದುಕೊಂಡಳು. ನೂರ ನಾಲ್ಕು ದಿನದಲ್ಲಿ ಮೊದಲ ಸಲ, ಓಡಿಹೋದ ಎಂಬ ಮಾತಿನ ಆಚೆ ಚನ್ನೇಶನಿಗೆ ಒಂದು ದಿನ ಸಿಕ್ಕಿತ್ತು. ಒಂದು ಕುರ್ಚಿ ಸಿಕ್ಕಿತ್ತು.

“ಮೂರನೇ ತಾರೀಖು ಜಗಳ ಆಯ್ತು” ಎಂದ ಗುರುಪ್ರಕಾಶ್. “ನಲವತ್ತಕ್ಕೆ ಸಾಕು, ಗುಡವಿಗೆ ಹೋಗ್ಬೇಡ ಅಂದೆ. ಅಲ್ಲಿ ಭತ್ತ ಜೊಳ್ಳು ಬಿದ್ದಿದೆ ಅಂತ ನನಗೆ ಮುಂಚೇನೇ ಸುದ್ದಿ ಬಂದಿತ್ತು. ಚೀಟಿ ಎತ್ತಿ ಆರಿಸಿದ ಗದ್ದೆ, ಒಳ್ಳೇದು ಬರಲಿ ಕೆಟ್ಟದ್ದು ಬರಲಿ ಬಿಡೋಕಾಗಲ್ಲ ಅಂದ. ಎದ್ದು ಹೋದ. ಆ ರಾಜೀನಾಮೆ… ನಾನೇ ಟೈಪ್ ಮಾಡಿದ್ದು. ಅವನು ಗುಡವೀಲಿ ಕಣ ಕಾಯ್ಕೊಂಡು ಮಲಗಿದಾನೆ, ಅಷ್ಟ್ರಲ್ಲಿ ಸುದ್ದಿ ಹಬ್ಬಿಬಿಟ್ರೆ ಆಮೇಲೆ ಅವನು ಏನು ತಂದ್ರೂ ಯಾರೂ ನಂಬಲ್ಲ ಅಂತ…”

“ನಮ್ಮ ಮನೆ ಮುಂದೆ ಜನ ಬಂದು ಕೂಗಿದ್ರು ಸರ್. ಮಗೂಗೆ ಜ್ವರ ಇತ್ತು.”

“ಗೊತ್ತು.”

“ಗೊತ್ತಿತ್ತಾ?”

“ಗೊತ್ತಿತ್ತು.” ಅವನು ತಲೆ ಎತ್ತಲಿಲ್ಲ. “ಹತ್ತನೇ ತಾರೀಖು ಬಂದ. ಮೈಯೆಲ್ಲಾ ಹುಲ್ಲು. ಅಲ್ಲಿ ಕೂತು ಲೆಕ್ಕ ಮಾಡಿ, ಪ್ರಿಂಟು ತೆಗೆದು ನನ್ನ ಮುಂದೆ ಇಟ್ಟ. ಹರಿದು ಹಾಕ್ದೆ. ಆಗ ಹೇಳ್ದೆ ಅವನಿಗೆ. ಊರಲ್ಲಿ ನಿನ್ನ ಏನಂತಿದಾರೆ ಗೊತ್ತಾ, ಅಂತ. ನಿನ್ನ ಹೆಂಡ್ತೀನೂ ನಂಬಿದಾರೆ, ಅಂತ.”

“ಅದಕ್ಕೆ ಅವರೇನಂದ್ರು?” ಎಂದಳು ನೀಲಾಂಬಿಕ.

“ನಕ್ಕುಬಿಟ್ಟ. ನೀಲಾ ನಂಬಲ್ಲ ಅಂದ. ನಾಳೆ ಹೋಗಿ ಬಾಗಿಲು ಬಡೀತೀನಿ, ಅವಳು ತೆಗೀತಾಳೋ ಇಲ್ವೋ ನೋಡೇಬಿಡೋಣ ಅಂದ. ಬುಧವಾರ ಬೆಳಿಗ್ಗೆ ಹತ್ತು ಗಂಟೆ ಬಸ್ಸು. ಇದೇ ಕಿಟಕಿಯಿಂದ ನೋಡಿದೀನಿ ಹತ್ತಿದ್ದನ್ನ. ಅದಾದ ಮೇಲೆ, ನನ್ನಾಣೆ, ನನಗೇನೂ ಗೊತ್ತಿಲ್ಲ. ನಿಮ್ಮನೆಗೆ ಬಂದು ಹೋಗಿರಬೇಕು, ನೀವೇ ಬಚ್ಚಿಟ್ಟಿದೀರಿ ಅಂತಾನೇ ನಾನು ಇಷ್ಟು ದಿನ…” ಅವನು ಈಗ ತಲೆ ಎತ್ತಿದ. “ಬರಲೇ ಇಲ್ವಾ?”

“ಇಲ್ಲ” ಎಂದಳು ನೀಲಾಂಬಿಕ. “ಬರಲಿಲ್ಲ.”

ಬುಧವಾರ, ಹನ್ನೊಂದನೇ ತಾರೀಖು. ಹತ್ತು ಗಂಟೆಯ ಬಸ್ಸು ಹತ್ತಿದವನು ಮಧ್ಯಾಹ್ನಕ್ಕೆ ಶಿಕಾರಿಪುರ. ಅವಳು ಆವತ್ತು ರಜೆ ಹಾಕಿದ್ದಳು. ಬೆಳಗಿನಿಂದ ಧನ್ಯಾಳ ಮೈ ಕೆಂಡವಾಗಿತ್ತು. ಒದ್ದೆ ಬಟ್ಟೆ ಹಾಕುತ್ತಿದ್ದಳು. ಹಾಗಾದರೆ ದಾರಿಯಲ್ಲೇ ಏನೋ ಆಗಿರಬೇಕು. ಶಿರಾಳಕೊಪ್ಪದಲ್ಲೋ, ತಾಳಗುಂದದ ಹತ್ತಿರವೋ. ಬಸ್ಸಿನ ಕಂಡಕ್ಟರನ್ನು ಹುಡುಕಬೇಕು. ಅವಳ ತಲೆ ಗಡಿಬಿಡಿಯಿಂದ ಮುಂದಿನ ಹೆಜ್ಜೆಗಳನ್ನು ಜೋಡಿಸತೊಡಗಿತು.

ಸೆರಗನ್ನು ಯಾರೋ ಎಳೆದರು.

ಧನ್ಯಾ ಕುರ್ಚಿಯಿಂದ ಇಳಿದು ಪಕ್ಕಕ್ಕೆ ಬಂದಿದ್ದಳು. ಒಂದು ಕಡೆ ಬಿಗಿಯಾದ ಜಡೆ; ಇನ್ನೊಂದು ಕಡೆ ಬೆಳಿಗ್ಗೆ ಹೆಣೆದ ಆ ಎರಡು ಸುತ್ತೂ ಬಿಚ್ಚಿ ಕೂದಲು ಕೆನ್ನೆಗೆ ಅಂಟಿತ್ತು. ಅವಳು ಗುರುಪ್ರಕಾಶನ ಕಡೆ ನೋಡಲೇ ಇಲ್ಲ. ಮೇಜಿನ ಅಂಚಿಗೆ ಗಿಣ್ಣು ತಾಗಿಸಿ ಬಡಿದಳು. ಎರಡು ಸಲ. ಸ್ವಲ್ಪ ತಡೆದು, ಒಂದು ಸಲ.

“ಇದು ನಂದು, ಅಪ್ಪಂದು ಬಡಿತ” ಎಂದಳು. “ನಿಂಗೆ ಹೇಳಿರಲಿಲ್ಲ. ನಾವಿಬ್ರೇ ಇಟ್ಕಂಡಿದ್ದು.”

ನೀಲಾಂಬಿಕ ಮಗಳ ಮುಖ ನೋಡಿದಳು. ಅಲ್ಲಿ ಅಳುವಿರಲಿಲ್ಲ. ಬಹಳ ದಿನದಿಂದ ಒಬ್ಬಳೇ ಹೊತ್ತು ಸುಸ್ತಾದ ಮುಖ ಅದು.

“ಅಮ್ಮಾ, ನಂಗೆ ಜ್ವರ ಬಂದಾಗ ಅಡುಗೆಮನೇಲಿ ನೀನು ನನ್ನ ಬಾಯಿ ಮುಚ್ಚಿದ್ಯಲ್ಲ. ಆವತ್ತು ಹೊರಗೆ ಹಿಂಗೆ ಬಡಿದಿದ್ದು ಅಪ್ಪಾನೇ ಅಲ್ವಾ?”